ಗೊತ್ತಾಯ್ತಾ? ಗಾಟ್ ಇಟ್? ಗೆಟ್ ಕಲಿಯಲು ಕನ್ನಡದ ದಾರಿ

ಕೆಲಸಕ್ಕೆ ಸೇರಿದ ಹೊಸತು. ಸೋಮವಾರ ಬೆಳಿಗ್ಗೆ ಪಕ್ಕದ ಸೀಟಿನವರು ನನ್ನ ತಲೆ ನೋಡಿ ಏನೋ ಕೇಳಿದರು. ‘ಐ ಕಟ್ ಮೈ ಹೇರ್ ಎಸ್ಟರ್ಡೇ’ ಅಂದೆ. ‘ಯುವರ್‌ಸೆಲ್ಫ್?’ ಅಂತ ಹುಬ್ಬೇರಿಸಿದರು. ಕೇಳಿದ್ದು ಪೂರ್ತಿ ಅರ್ಥವಾಗದೆ ‘ಎಸ್ ಎಸ್’ ಅಂದುಬಿಟ್ಟೆ. ಮಧ್ಯಾಹ್ನ ಊಟದ ಹೊತ್ತಿಗೆ, ಸಲೂನಿನ ದುಡ್ಡು ಉಳಿಸಲು ಕನ್ನಡಿ ಮುಂದೆ ಕತ್ತರಿ ಹಿಡಿದು ನಿಲ್ಲುವವನು ಅಂತ ಇಡೀ ಫ್ಲೋರಿಗೆ ನನ್ನ ಸುದ್ದಿ ಹಬ್ಬಿತ್ತು.

ನಾನು ಹೇಳಬೇಕಿದ್ದದ್ದು ‘ಐ ಗಾಟ್ ಮೈ ಹೇರ್ ಕಟ್’. ಈಗ ಯೋಚಿಸಿದರೆ ನಗು ಬರುತ್ತದೆ. ಕನ್ನಡದಲ್ಲಿ ನಾನು ಯಾವತ್ತೂ ‘ಕೂದಲು ಕತ್ತರಿಸಿದೆ’ ಅಂದವನಲ್ಲ. ‘ಕಟಿಂಗ್ ಮಾಡಿಸಿಕೊಂಡೆ’ ಅನ್ನುತ್ತಿದ್ದೆ. ಆ ‘ಇಸಿಕೊಂಡೆ’ಯ ಒಳಗೇ ಇಂಗ್ಲಿಷಿನ ಗೆಟ್ ಕೂತಿತ್ತು. ನನಗೆ ಅದನ್ನು ಯಾರೂ ತೋರಿಸಿರಲಿಲ್ಲ.

ಸ್ಪೋಕನ್ ಇಂಗ್ಲಿಷ್ ಪುಸ್ತಕಗಳು ಗೆಟ್‌ಗೆ ಇಪ್ಪತ್ತೋ ಮೂವತ್ತೋ ಅರ್ಥ ಪಟ್ಟಿ ಮಾಡಿ ಬಾಯಿಪಾಠ ಮಾಡಿ ಅನ್ನುತ್ತವೆ. ನನ್ನ ಮಟ್ಟಿಗೆ ಅದು ದಂಡ. ಕನ್ನಡದಲ್ಲಿ ‘ಹಾಕು’ ಪದವನ್ನೇ ನೋಡಿ. ಬೀಗ ಹಾಕು, ಓಟು ಹಾಕು, ಲೈಟ್ ಹಾಕು, ಊಟ ಹಾಕು, ಸಹಿ ಹಾಕು, ಅಂಗಿ ಹಾಕು. ಇದನ್ನೆಲ್ಲ ನಾವು ಪಟ್ಟಿ ಮಾಡಿ ಕಲಿತೆವಾ? ಪಕ್ಕದಲ್ಲಿ ಯಾವ ಪದ ಇದೆ ಅಂತ ನೋಡಿದ ಕೂಡಲೇ ಅರ್ಥ ತಾನೇ ಹೊಳೆಯುತ್ತದೆ. ಗೆಟ್ ಕೂಡ ಹಾಗೇ. ಅದರ ಮುಂದೆ ಏನು ಬಂದಿದೆ ಅನ್ನುವುದೊಂದನ್ನು ನೋಡಿದರೆ ಸಾಕು. ಈ ಮಾರ್ಗದರ್ಶಿ ಪೂರ್ತಿ ಆ ಒಂದೇ ಸೂತ್ರದ ಮೇಲೆ ನಿಂತಿದೆ.

ಶುರು ಮಾಡುವ ಮೊದಲು

ಮೂರು ರೂಪ ನೆನಪಿರಲಿ: ಗೆಟ್, ಗಾಟ್, ಗಾಟ್. ಅಮೆರಿಕದಲ್ಲಿ ಮೂರನೆಯದು ಗಾಟನ್. ಇದು ಅಮೆರಿಕದವರು ಹುಟ್ಟಿಸಿದ ಹೊಸ ರೂಪ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ನಿಜ ಉಲ್ಟಾ. ಗಾಟನ್ ಹಳೆಯ ರೂಪ. ಇಂಗ್ಲೆಂಡಿನಲ್ಲಿ ಅದು ಬಳಕೆಯಿಂದ ಬಿದ್ದುಹೋಯಿತು, ಸಮುದ್ರ ದಾಟಿದವರ ಬಾಯಲ್ಲಿ ಉಳಿಯಿತು.

ಇನ್ನೊಂದು ಸಂಗತಿ. ಗೆಟ್ ಪದ ಇಂಗ್ಲಿಷಿಗೆ ಬಂದದ್ದು ವೈಕಿಂಗರಿಂದ, ಅಂದರೆ ಸ್ಕ್ಯಾಂಡಿನೇವಿಯಾದ ಕಡೆಯಿಂದ ಹಡಗಿನಲ್ಲಿ ಬಂದವರಿಂದ. 9 ಮತ್ತು 10ನೇ ಶತಮಾನದ ಹೊತ್ತಿಗೆ ಅವರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಬಂದು ನೆಲೆಸಿದರು. ಅವರಾಡುತ್ತಿದ್ದ ಹಳೆಯ ನಾರ್ಸ್ ಭಾಷೆಯಲ್ಲಿ ‘ಗೆಟ’ ಅಂದರೆ ಪಡೆ, ಕೈಗೆ ಸಿಕ್ಕಿಸಿಕೋ. ಟೇಕ್, ದೇ, ಸ್ಕೈ, ಎಗ್, ವಿಂಡೋ ಎಲ್ಲ ಬಂದದ್ದು ಅದೇ ಕಡೆಯಿಂದ. ಇದೇ ಬೇರಿನ ಪದವೊಂದು ಹಳೆಯ ಇಂಗ್ಲಿಷಿನಲ್ಲೂ ಇತ್ತು, ಆದರೆ ಬೇರೆ ಪದಕ್ಕೆ ಅಂಟಿಕೊಂಡೇ ಬರುತ್ತಿತ್ತು. ಅದು ಈಗಲೂ ‘ಫರ್ಗೆಟ್’ ಒಳಗೆ ಬದುಕಿದೆ. ಕೈಯಲ್ಲಿದ್ದದ್ದು ಜಾರಿಹೋಗುವುದೇ ಮರೆವು. ಒಟ್ಟಿನಲ್ಲಿ ಗೆಟ್‌ನ ಬೇರು ‘ಸಿಗು’ ಅನ್ನುವುದರಲ್ಲಿದೆ. ಅಲ್ಲಿಂದಲೇ ಹೊರಡೋಣ.

ಹೆಜ್ಜೆ 1: ಮುಂದೆ ವಸ್ತುವಿನ ಹೆಸರಿದ್ದರೆ

‘ಐ ಗಾಟ್ ಎ ಲೆಟರ್’ ಅಂದರೆ ನನಗೆ ಕಾಗದ ಬಂತು. ‘ಶಿ ಗಾಟ್ ಎ ಜಾಬ್’ ಅಂದರೆ ಅವಳಿಗೆ ಕೆಲಸ ಸಿಕ್ಕಿತು. ‘ಐ ಗಾಟ್ ಎ ಕೋಲ್ಡ್’ ಅಂದರೆ ನನಗೆ ನೆಗಡಿ ಆಯ್ತು.

ಗಮನಿಸಿದಿರಾ? ಕನ್ನಡದಲ್ಲಿ ಮೂರೂ ಕಡೆ ‘ನನಗೆ’, ‘ಅವಳಿಗೆ’ ಅಂತ ಬಂದಿದೆ. ನಮ್ಮಲ್ಲಿ ಕಾಗದ ತಾನೇ ಬರುತ್ತದೆ, ಕೆಲಸ ತಾನೇ ಸಿಗುತ್ತದೆ, ನೆಗಡಿ ತಾನೇ ಆಗುತ್ತದೆ. ನಾವು ಸುಮ್ನೆ ನಿಂತಿರುತ್ತೇವೆ. ಇಂಗ್ಲಿಷಿನವರು ಆ ಮನುಷ್ಯನನ್ನೇ ವಾಕ್ಯದ ಯಜಮಾನ ಮಾಡಿ ಗೆಟ್ ಹಾಕುತ್ತಾರೆ. ಹಾಗಾಗಿ ಮೊದಲ ಸೂತ್ರ ಇಷ್ಟು: ಕನ್ನಡದಲ್ಲಿ ‘ನನಗೆ’ ಅಂತ ಶುರುವಾಗಿ ‘ಬಂತು’, ‘ಸಿಕ್ತು’ ಅಂತ ಮುಗಿದರೆ, ‘ಐ ಗಾಟ್’ ಹಾಕಿ ನೋಡಿ. ಹತ್ತರಲ್ಲಿ ಏಳೆಂಟು ಸಲ ಸರಿಹೋಗುತ್ತದೆ.

ಜ್ವರದ ವಿಷಯದಲ್ಲಿ ಮಾತ್ರ ಒಂದು ಚೂರು ಜಾಗ್ರತೆ. ಮೈ ಈಗ ಸುಡುತ್ತಾ ಇದ್ದರೆ ‘ಐ ಆಮ್ ಗೆಟಿಂಗ್ ಫೀವರ್’ ಬೇಡ, ‘ಐ ಹ್ಯಾವ್ ಎ ಫೀವರ್’ ಅನ್ನಿ. ಗೆಟ್ ಅಂದರೆ ಬರುವ ಗಳಿಗೆ. ಬಂದು ಕೂತ ಮೇಲೆ ಹ್ಯಾವ್.

ನಾವೇ ಹೋಗಿ ತರುವುದಕ್ಕೂ ಇದೇ ಗೆಟ್. ‘ಹೋಗಿ ಒಂದು ಲೋಟ ನೀರು ತಗೊಂಡು ಬಾ’ ಅನ್ನುವಾಗ ನಾವು ಮೂರು ಕ್ರಿಯಾಪದ ಖರ್ಚು ಮಾಡುತ್ತೇವೆ. ಹೋಗು, ತಗೋ, ಬಾ. ಇಂಗ್ಲಿಷಿನಲ್ಲಿ ಮೂರಕ್ಕೂ ಸೇರಿ ಒಂದು: ‘ಗೆಟ್ ಮಿ ಎ ಗ್ಲಾಸ್ ಆಫ್ ವಾಟರ್’. ಬ್ರಿಂಗ್‌ನಲ್ಲಿ ‘ಇತ್ತ ತಾ’ ಅನ್ನುವುದಷ್ಟೇ ಮುಖ್ಯ. ಗೆಟ್‌ನಲ್ಲಿ ಎದ್ದು ಹೋಗುವ ಕೆಲಸವೂ ಸೇರಿದೆ. ಬಾಗಿಲು ಬೆಲ್ ಆದಾಗ ‘ಐ ವಿಲ್ ಗೆಟ್ ಇಟ್’ ಅಂದರೆ ‘ಇರಿ, ನಾನು ಹೋಗಿ ನೋಡ್ತೀನಿ’ ಅಂತ. ಫೋನ್ ರಿಂಗ್ ಆದಾಗಲೂ ಅದೇ.

ಇನ್ನು ಅರ್ಥವಾಗುವುದು. ಜೋಕ್ ತಿಳಿಯದಿದ್ದರೆ ‘ಐ ಡೋಂಟ್ ಗೆಟ್ ಇಟ್’. ತಿಳಿದರೆ ‘ಗಾಟ್ ಇಟ್’. ನಮ್ಮ ‘ಗೊತ್ತಾಯ್ತು’ ಕೂಡ ಕಿವಿಗೆ ಹೆಚ್ಚುಕಡಿಮೆ ಹಾಗೇ ಕೇಳಿಸುತ್ತದಲ್ವಾ? ಎರಡಕ್ಕೂ ಯಾವ ನಂಟೂ ಇಲ್ಲ, ಬರೀ ಕಾಕತಾಳೀಯ. ಆದರೆ ನೆನಪಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಗಂಟು ಬೇಕಿಲ್ಲ.

ಹೆಜ್ಜೆ 2: ಮುಂದೆ ಗುಣ ಅಥವಾ ಸ್ಥಿತಿ ಇದ್ದರೆ

ಆಂಗ್ರಿ, ಟಯರ್ಡ್, ಲೇಟ್, ವೆಟ್, ಓಲ್ಡ್ ಥರದ ಪದ ಬಂದರೆ ಗೆಟ್ ಅಂದರೆ ‘ಆಗು’. ‘ಹೊತ್ತಾಗ್ತಾ ಇದೆ’ ಅನ್ನಲು ‘ಇಟ್ಸ್ ಗೆಟಿಂಗ್ ಲೇಟ್’. ‘ಕತ್ತಲಾಯ್ತು’ ಅನ್ನಲು ‘ಇಟ್ ಗಾಟ್ ಡಾರ್ಕ್’. ಮಳೆಯಲ್ಲಿ ‘ನೆನೆದುಹೋದೆ’ ಅನ್ನಲು ‘ಐ ಗಾಟ್ ವೆಟ್’.

ಇಲ್ಲಿ ಮುಖ್ಯವಾಗಿ ಹಿಡಿಯಬೇಕಾದದ್ದು ‘ಇರು’ ಮತ್ತು ‘ಆಗು’ ನಡುವಿನ ವ್ಯತ್ಯಾಸ. ‘ಹಿ ಈಸ್ ಮ್ಯಾರೀಡ್’ ಅಂದರೆ ಮದುವೆ ಆಗಿರುವವನು. ‘ಹಿ ಗಾಟ್ ಮ್ಯಾರೀಡ್ ಇನ್ 2012’ ಅಂದರೆ ಆ ವರ್ಷ ಮದುವೆ ಆಯ್ತು. ಅಂದಹಾಗೆ, ಮದುವೆ ‘ಟು’ ಜೊತೆಗೆ ಹೋಗುತ್ತದೆ. ‘ಯಾರ ಜೊತೆ ಮದುವೆ’ ಅನ್ನುವ ನಮ್ಮ ಅಭ್ಯಾಸ ಬಾಯಿಗೆ ‘ವಿತ್’ ತಂದುಬಿಡುತ್ತದೆ. ‘ಗಾಟ್ ಮ್ಯಾರೀಡ್ ಟು’ ಅನ್ನಿ.

ಕನ್ನಡದ ಎಳೆತಕ್ಕೆ ನಾವು ಬೀಳುವ ಎರಡು ಗುಂಡಿಗಳಿವೆ. ‘ನನಗೆ ಸಿಟ್ಟು ಬಂತು’ ಅನ್ನುವುದನ್ನು ಹೆಜ್ಜೆ 1ರ ಸೂತ್ರಕ್ಕೆ ಹಾಕಿ ‘ಐ ಗಾಟ್ ಆಂಗರ್’ ಅನ್ನುತ್ತೇವೆ. ಸಿಟ್ಟು, ಬೇಜಾರು, ಹಸಿವು, ಸುಸ್ತು ಇವೆಲ್ಲ ನಮಗೆ ಹೊರಗಿನಿಂದ ಬರುವ ನೆಂಟರು. ಇಂಗ್ಲಿಷಿನವರಿಗೆ ಅವು ಮನುಷ್ಯನ ಸ್ಥಿತಿ. ಆದ್ದರಿಂದ ‘ಐ ಗಾಟ್ ಆಂಗ್ರಿ’, ‘ಐ ಗಾಟ್ ಹಂಗ್ರಿ’, ‘ಐ ಗಾಟ್ ಬೋರ್ಡ್’. ‘ಐ ಗಾಟ್ ಬೋರ್’ ಅಲ್ಲ.

ಎರಡನೇ ಗುಂಡಿ ಇನ್ನೂ ಆಳ. ‘ಮಗ ಡಾಕ್ಟರ್ ಆದ’ ಅನ್ನುವುದೂ ‘ಆಗು’ ತಾನೇ, ಹಾಗಾದರೆ ‘ಮೈ ಸನ್ ಗಾಟ್ ಎ ಡಾಕ್ಟರ್’ ಅಂದುಬಿಡೋಣವೇ? ಅಂದರೆ ಮಗ ಹೋಗಿ ಡಾಕ್ಟರನ್ನು ಕರೆತಂದ ಅಂತಾಗುತ್ತದೆ. ಹೆಸರು ಬಂದ ಕೂಡಲೇ ಗೆಟ್ ಮತ್ತೆ ‘ಸಿಗು, ತರು’ ಆಗಿಬಿಡುತ್ತದೆ. ಡಾಕ್ಟರ್, ಟೀಚರ್, ಮಂತ್ರಿ ಆಗುವುದಕ್ಕೆ ‘ಬಿಕಮ್’ ಬೇಕು.

ಹೆಜ್ಜೆ 3: ಮುಂದೆ ಜಾಗ ಇದ್ದರೆ

ಇದು ಚಿಕ್ಕದು, ಆದರೆ ದಿನಾ ಬೇಕಾಗುವುದು. ‘ಮನೆ ರೀಚ್ ಆದ್ಮೇಲೆ ಮೆಸೇಜ್ ಮಾಡು’ ಅನ್ನುತ್ತೇವಲ್ಲ, ಅದೇ ಗುಂಗಿನಲ್ಲಿ ಇಂಗ್ಲಿಷಿನಲ್ಲೂ ‘ಐ ರೀಚ್ಡ್’ ಅಂತ ನಿಲ್ಲಿಸುತ್ತೇವೆ. ಇಂಗ್ಲಿಷಿನಲ್ಲಿ ರೀಚ್ ಆದಮೇಲೆ ಯಾವ ಜಾಗ ಅಂತ ಹೇಳಲೇಬೇಕು. ಮಾತಿನಲ್ಲಿ ಅವರು ರೀಚ್ ಬಳಸುವುದೂ ಕಮ್ಮಿ. ‘ಮೆಸೇಜ್ ಮಿ ವೆನ್ ಯು ಗೆಟ್ ಹೋಮ್’ ಅನ್ನುತ್ತಾರೆ.

ಊರು, ಕಟ್ಟಡಗಳಿಗೆ ‘ಟು’ ಬೇಕು: ‘ವಿ ಗಾಟ್ ಟು ಹಾಸನ್ ಅಟ್ ನೈನ್’. ಹೋಮ್, ಹಿಯರ್, ದೇರ್ ಮೂರಕ್ಕೆ ‘ಟು’ ಬೇಡ. ‘ಗಾಟ್ ಟು ಹೋಮ್’ ಅಂದರೆ ಕಿವಿಗೆ ಕಲ್ಲು ಸಿಕ್ಕಿದ ಹಾಗೆ.

ಹೆಜ್ಜೆ 4: ಮಾಡಿಸು, ಮಾಡಿಸಿಕೋ, ಬೈಸಿಕೋ

ನನ್ನನ್ನು ನಗೆಪಾಟಲು ಮಾಡಿದ್ದು ಇದೇ ಹೆಜ್ಜೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಕನ್ನಡಕ್ಕೆ ಒಂದು ದೊಡ್ಡ ಅನುಕೂಲ ಇದೆ. ಮಾಡು, ಮಾಡಿಸು. ಬರೆ, ಬರೆಸು. ಹೊಲಿ, ಹೊಲಿಸು. ಒಂದು ‘ಇಸು’ ಸೇರಿಸಿದರೆ ಕೆಲಸ ಬೇರೆಯವರ ಕೈಗೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಇಂಥ ಬಾಲ ಇಲ್ಲ. ಆ ಕೆಲಸಕ್ಕೆ ಅವರು ಗೆಟ್ ಅನ್ನು ಕೂಲಿಗೆ ಇಟ್ಟುಕೊಂಡಿದ್ದಾರೆ.

ಯಾರಿಂದ ಮಾಡಿಸಿದಿರಿ ಅಂತ ಹೇಳಬೇಕಾದರೆ ಅಚ್ಚು ಹೀಗೆ: ಗೆಟ್, ಆ ವ್ಯಕ್ತಿ, ‘ಟು’, ಕ್ರಿಯಾಪದದ ಮೊದಲ ರೂಪ. ‘ಅಪ್ಪನ ಹತ್ತಿರ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿಸಿದೆ’ ಅನ್ನಲು ‘ಐ ಗಾಟ್ ಮೈ ಫಾದರ್ ಟು ಸೈನ್ ದಿ ಮಾರ್ಕ್ಸ್ ಕಾರ್ಡ್’. ಈ ಗೆಟ್‌ನಲ್ಲಿ ಸ್ವಲ್ಪ ಪುಸಲಾಯಿಸಿದ ವಾಸನೆ ಇರುತ್ತದೆ. ಹಿಂದೆ ಮುಂದೆ ಸುತ್ತಿ, ಮನಸ್ಸು ಒಲಿಸಿ ಮಾಡಿಸಿದೆ ಅಂತ. ಬಲವಂತವಾಗಿ ಮಾಡಿಸಿದರೆ ‘ಮೇಕ್’, ಆಗ ‘ಟು’ ಬರುವುದಿಲ್ಲ: ‘ಮೇಡ್ ಹಿಮ್ ಸೈನ್’. ಸುಮ್ನೆ ಹೇಳಿ ಮಾಡಿಸಿದರೆ ‘ಹ್ಯಾವ್’, ಅದಕ್ಕೂ ‘ಟು’ ಇಲ್ಲ. ಮೂರರಲ್ಲಿ ಗೆಟ್‌ಗೆ ಮಾತ್ರ ‘ಟು’.

ಯಾರು ಮಾಡಿದರು ಅನ್ನುವುದು ಮುಖ್ಯವಲ್ಲದಿದ್ದರೆ ವಸ್ತುವನ್ನು ಮುಂದೆ ತನ್ನಿ, ಕ್ರಿಯಾಪದವನ್ನು ವಿ3, ಅಂದರೆ ಮೂರನೇ ರೂಪ ಮಾಡಿ. ‘ಗಾಡಿ ಸರ್ವಿಸ್ ಮಾಡಿಸಿದೆ’ ಅನ್ನಲು ‘ಐ ಗಾಟ್ ಮೈ ಬೈಕ್ ಸರ್ವಿಸ್ಡ್’. ‘ರವಿಕೆ ಹೊಲಿಸಿಕೊಂಡೆ’ ಅನ್ನಲು ‘ಐ ಗಾಟ್ ಎ ಬ್ಲೌಸ್ ಸ್ಟಿಚ್ಡ್’. ‘ಹಲ್ಲು ಕೀಳಿಸಿಕೊಂಡೆ’ ಅನ್ನಲು ‘ಐ ಗಾಟ್ ಎ ಟೂತ್ ಪುಲ್ಡ್’. ಇಲ್ಲಿ ಗೆಟ್ ಬಿಟ್ಟು ‘ಐ ಪುಲ್ಡ್ ಎ ಟೂತ್’ ಅಂದರೆ ನೀವೇ ಇಕ್ಕಳ ಹಿಡಿದ ಹಾಗಾಗುತ್ತದೆ. ನನ್ನ ಕತ್ತರಿಯ ಕಥೆಗಿಂತ ಭೀಕರ.

ಈಗ ನನಗೆ ಬಹಳ ಇಷ್ಟವಾದ ಭಾಗ. ಕನ್ನಡದಲ್ಲಿ ‘ಇಸಿಕೊಳ್ಳು’ ಬರೀ ಬೇಕಂತ ಮಾಡಿಸಿಕೊಳ್ಳುವುದಕ್ಕಲ್ಲ. ‘ಮೇಷ್ಟ್ರ ಹತ್ತಿರ ಬೈಸಿಕೊಂಡೆ.’ ‘ನಾಯಿ ಹತ್ತಿರ ಕಚ್ಚಿಸಿಕೊಂಡ.’ ಯಾರಾದರೂ ದುಡ್ಡು ಕೊಟ್ಟು ನಾಯಿಯಿಂದ ಕಚ್ಚಿಸಿಕೊಳ್ಳುತ್ತಾರಾ? ಇಲ್ಲ. ಬೇಡದ್ದು ಮೈಮೇಲೆ ಬಿತ್ತು ಅಂತ ಅರ್ಥ. ಅಂದರೆ ಕಟಿಂಗ್ ಮಾಡಿಸಿಕೊಂಡದ್ದಕ್ಕೂ ಬೈಸಿಕೊಂಡದ್ದಕ್ಕೂ ನಮ್ಮಲ್ಲಿ ಒಂದೇ ಬಾಲ.

ಇಂಗ್ಲಿಷಿನ ಗೆಟ್ ಕೂಡ ತದ್ವತ್ ಹಾಗೇ! ‘ಐ ಗಾಟ್ ಮೈ ಹೇರ್ ಕಟ್’ ಬೇಕಂತ ಮಾಡಿಸಿಕೊಂಡದ್ದು. ‘ಐ ಗಾಟ್ ಸ್ಕೋಲ್ಡೆಡ್’, ‘ಹಿ ಗಾಟ್ ಬಿಟನ್ ಬೈ ಎ ಡಾಗ್’ ಬೇಡದೆ ಬಂದದ್ದು. ಎರಡಕ್ಕೂ ಗೆಟ್. ಗೆಟ್ ಆದಮೇಲೆ ನೇರ ವಿ3 ಬಂದರೆ ಹೆಚ್ಚಾಗಿ ಇಂಥ ಪೆಟ್ಟಿನ ಸುದ್ದಿಯೇ: ಗಾಟ್ ಹರ್ಟ್, ಗಾಟ್ ಕಾಟ್, ಗಾಟ್ ಚೀಟೆಡ್, ಗಾಟ್ ಫೈರ್ಡ್. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ‘ಸಿಕ್ಕಿಹಾಕಿಕೊಂಡೆ’ ಅನ್ನಲು ‘ಐ ಗಾಟ್ ಸ್ಟಕ್’. ಒಳ್ಳೆಯ ಸುದ್ದಿಗೂ ಒಮ್ಮೊಮ್ಮೆ ಬರುತ್ತದೆ, ‘ಗಾಟ್ ಪ್ರಮೋಟೆಡ್’, ‘ಗಾಟ್ ಸೆಲೆಕ್ಟೆಡ್’ ಅಂತ.

ಇಷ್ಟು ಹತ್ತಿರದ ಹೋಲಿಕೆ ಇದ್ದೂ ನಮ್ಮ ಪಾಠಗಳಲ್ಲಿ ಇದನ್ನು ‘ಕಾಸಟಿವ್ ವರ್ಬ್’, ‘ಪ್ಯಾಸಿವ್ ವಾಯ್ಸ್’ ಅಂತ ಎರಡು ಬೇರೆ ಬೇರೆ ಅಧ್ಯಾಯ ಮಾಡಿ ಹೆದರಿಸುತ್ತಾರೆ. ‘ಬೈಸಿಕೊಂಡೆ’ ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

ಹೆಜ್ಜೆ 5: ಮುಂದೆ ‘ಟು’ ಮತ್ತು ಕ್ರಿಯಾಪದ

‘ಐ ಗಾಟ್ ಟು ಸೀ ಹಂಪಿ’ ಅಂದರೆ ಹಂಪಿ ನೋಡೋಕೆ ಸಿಕ್ಕಿತು. ಅವಕಾಶ ಒದಗಿತು ಅಂತ. ಕನ್ನಡದ ‘ನೋಡೋಕೆ ಸಿಕ್ತು’ ಪದಕ್ಕೆ ಪದ ಹೊಂದುತ್ತದೆ.

ಆದರೆ ಹಿಂದೆ ‘ಹ್ಯಾವ್’ ಸೇರಿಕೊಂಡರೆ ಕಥೆಯೇ ಬೇರೆ. ‘ಐ ಹ್ಯಾವ್ ಗಾಟ್ ಟು ಗೋ’ ಅಂದರೆ ಹೋಗಲೇಬೇಕು. ಮಾತಿನ ಓಟದಲ್ಲಿ ಆ ಹ್ಯಾವ್ ‘ಐವ್’ ಆಗಿ ಸಣ್ಣಗಾಗುತ್ತದೆ, ಆಮೇಲೆ ಮಾಯವೇ ಆಗುತ್ತದೆ. ಉಳಿಯುವುದು ‘ಗಾಟ ಗೋ’. ಹೋಗೋಕೆ ಸಿಕ್ಕಿತು ಅಂತಲ್ಲ, ಹೊರಡಬೇಕು ಅಂತ. ಸೀರಿಯಲ್ ನೋಡುವಾಗ ಇದು ಬಂದರೆ ಹಿಂದೆ ಮುಂದೆ ಏನಿದೆ ಅಂತ ಕೇಳಿ ನಿರ್ಧರಿಸಿ.

‘ಟು’ ಇಲ್ಲದೆ ‘ಐ ಹ್ಯಾವ್ ಗಾಟ್ ತ್ರೀ ಬ್ರದರ್ಸ್’ ಅಂದರೆ ಬರೀ ‘ಇದ್ದಾರೆ’. ನೋಡಲು ‘ಸಿಕ್ಕಿದ್ದಾರೆ’ ಅನ್ನುವ ಹಾಗಿದೆ, ಅರ್ಥ ಮಾತ್ರ ವರ್ತಮಾನದ್ದು. ಅಮೆರಿಕದವರು ಇಲ್ಲೊಂದು ಜಾಣತನ ಮಾಡುತ್ತಾರೆ. ‘ಐವ್ ಗಾಟ್ ಎ ಕಾರ್’ ಅಂದರೆ ಕಾರು ಇದೆ, ‘ಐವ್ ಗಾಟನ್ ಎ ಕಾರ್’ ಅಂದರೆ ಕಾರು ತಗೊಂಡಿದ್ದೇನೆ.

ಹೆಜ್ಜೆ 6: ಬಾಲ ಹಿಡಿದು ಬರುವ ಚಿಕ್ಕ ಪದಗಳು

ಅಪ್, ಆಫ್, ಓವರ್, ಬೈ, ಥ್ರೂ ಮುಂತಾದವು ಸೇರಿದಾಗ ಸೂತ್ರ ಕೈಕೊಡುತ್ತದೆ. ಇಲ್ಲಿ ಬಳಕೆಯೇ ಗುರು. ಎಲ್ಲವನ್ನೂ ಹಿಡಿಯಲು ಹೋಗಬೇಡಿ, ದಿನಾ ಬೇಕಾಗುವ ಕೆಲವು ಸಾಕು.

ಮೊದಲು ಬಸ್ಸಿನಿಂದ ಇಳಿಯೋಣ. ನಮಗೆ ಮರದಿಂದಲೂ ಬಸ್ಸಿನಿಂದಲೂ ಆಟೋದಿಂದಲೂ ‘ಇಳಿ’. ಹಾಗಾಗಿ ಎಲ್ಲದಕ್ಕೂ ‘ಗೆಟ್ ಡೌನ್’. ಭಾರತದೊಳಗೆ ಇದು ಎಲ್ಲರಿಗೂ ಅರ್ಥವಾಗುತ್ತದೆ, ತಪ್ಪು ಅಂತ ಯಾರ ಮೇಲೂ ರೇಗಬೇಕಿಲ್ಲ. ಆದರೆ ಬ್ರಿಟನ್, ಅಮೆರಿಕದಲ್ಲಿ ಮರ, ಏಣಿಗೆ ಮಾತ್ರ ಗೆಟ್ ಡೌನ್. ಯಾರಾದರೂ ಕೂಗಿ ಹೇಳಿದರೆ ‘ತಲೆ ತಗ್ಗಿಸು’ ಅಂತಲೂ ಆಗುತ್ತದೆ. ಬಸ್ಸು, ರೈಲು, ವಿಮಾನಕ್ಕೆ ಹತ್ತುವಾಗ ‘ಗೆಟ್ ಆನ್’, ಇಳಿಯುವಾಗ ‘ಗೆಟ್ ಆಫ್’. ಬೈಕು, ಕುದುರೆಗೂ ಇದೇ. ಕಾರು, ಆಟೋಗೆ ‘ಗೆಟ್ ಇನ್’, ‘ಗೆಟ್ ಔಟ್’. ನೆನಪಿಗೆ ಒಂದು ಉಪಾಯ: ಒಳಗೆ ನಿಂತು ಓಡಾಡಬಹುದಾದರೆ, ಇಲ್ಲಾ ಮೇಲೆ ಕಾಲು ಹಾಕಿ ಕೂರುವುದಾದರೆ ಆನ್ ಮತ್ತು ಆಫ್. ಬಗ್ಗಿ ನುಸುಳಿ ಕೂರುವುದಾದರೆ ಇನ್ ಮತ್ತು ಔಟ್.

‘ವೇಕ್ ಅಪ್’ ಎಚ್ಚರವಾಗುವುದು, ‘ಗೆಟ್ ಅಪ್’ ಹಾಸಿಗೆ ಬಿಟ್ಟು ಏಳುವುದು. ಭಾನುವಾರ ಎರಡರ ನಡುವೆ ಒಂದು ಗಂಟೆ ಕಳೆಯುವವರಿಗೆ ಈ ವ್ಯತ್ಯಾಸ ವಿವರಿಸಬೇಕಿಲ್ಲ.

ಫೋನ್ ಲೈನ್ ಸಿಗದಿದ್ದರೆ ‘ಐ ಕುಡಂಟ್ ಗೆಟ್ ಥ್ರೂ’. ಇಲ್ಲೂ ನಮ್ಮ ‘ಸಿಗು’ ಇಣುಕಿತು ನೋಡಿ. ಆಫೀಸಿನಲ್ಲಿ ‘ವಿಚಾರಿಸಿ ತಿಳಿಸ್ತೀನಿ’ ಅನ್ನಲು ‘ಐ ವಿಲ್ ಗೆಟ್ ಬ್ಯಾಕ್ ಟು ಯು’. ಅತ್ತೆ ಸೊಸೆ ಹೊಂದಿಕೊಂಡು ಹೋದರೆ ‘ದೇ ಗೆಟ್ ಅಲಾಂಗ್ ವೆಲ್’. ಸಂಬಳ ಸಾಲದೆ ಹೇಗೋ ತಿಂಗಳು ದೂಡಿದರೆ ‘ವಿ ಗೆಟ್ ಬೈ’. ದುಃಖದಿಂದ, ಜ್ವರದಿಂದ ಚೇತರಿಸಿಕೊಂಡರೆ ‘ಗೆಟ್ ಓವರ್’. ತಪ್ಪು ಮಾಡಿಯೂ ಶಿಕ್ಷೆಯಿಲ್ಲದೆ ಪಾರಾದರೆ ‘ಗಾಟ್ ಅವೇ ವಿತ್ ಇಟ್’. ಹಳೇ ಸೋಫಾ ತೊಲಗಿಸಿದರೆ ‘ಗಾಟ್ ರಿಡ್ ಆಫ್ ಇಟ್’.

‘ಗೆಟ್ ಯೂಸ್ಡ್ ಟು’ ಒಂದನ್ನು ಬಿಡುವ ಹಾಗಿಲ್ಲ. ಅಭ್ಯಾಸ ಆಗುವುದು ಅಂತ. ಇದರ ಮುಂದೆ ಕ್ರಿಯಾಪದ ಬಂದರೆ ‘ಇಂಗ್’ ಹಚ್ಚಲೇಬೇಕು: ‘ಐ ಗಾಟ್ ಯೂಸ್ಡ್ ಟು ವೇಕಿಂಗ್ ಅಪ್ ಅರ್ಲಿ’. ‘ಟು ವೇಕ್’ ಅಲ್ಲ. ಹೆಜ್ಜೆ 4ರಲ್ಲಿ ಬಂದ ‘ಟು’ ಬೇರೆ, ಇದು ಬೇರೆ.

ಹೆಜ್ಜೆ 7: ಎಲ್ಲಿ ಬಳಸಬಾರದು

ಕನ್ನಡದಲ್ಲಿ ಗೆಳೆಯನಿಗೆ ‘ಲೆಟರ್ ಸಿಕ್ತು’ ಅನ್ನುತ್ತೇವೆ. ಕಚೇರಿಗೆ ಬರೆಯುವಾಗ ‘ತಮ್ಮ ಪತ್ರ ತಲುಪಿದೆ’ ಅನ್ನುತ್ತೇವೆ. ಗೆಟ್ ಗೆಳೆಯರ ನಡುವಿನ ಪದ. ಅರ್ಜಿ, ವರದಿ, ಪರೀಕ್ಷೆಯ ಪ್ರಬಂಧಗಳಲ್ಲಿ ರಿಸೀವ್, ಬಿಕಮ್, ಅರೈವ್, ಅಂಡರ್‌ಸ್ಟ್ಯಾಂಡ್ ಹಾಕಿ. ಆದರೆ ಮಾತಿನಲ್ಲಿ ಇದೇ ಭಾರದ ಪದಗಳನ್ನು ತುರುಕಿದರೆ ನಾಟಕದ ರಾಜನ ಮಾತಿನ ಹಾಗಿರುತ್ತದೆ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯುವವರು ಸ್ಪೀಕಿಂಗ್ ಭಾಗದಲ್ಲಿ ಗೆಟ್ ಧಾರಾಳವಾಗಿ ಬಿಡಲಿ, ರೈಟಿಂಗ್‌ನಲ್ಲಿ ಕೈ ಬಿಗಿ ಹಿಡಿಯಲಿ.

‘ದಿ ಪ್ರೈಜ್ ವಾಸ್ ಗಾಟ್ ಬೈ ಮಿ’ ಥರ ತಿರುಗಿಸಿ ಹೇಳಬೇಡಿ. ಗೆಟ್ ಹಾಗೆ ತಿರುಗುವುದಿಲ್ಲ.

ಹೆಜ್ಜೆ 8: ಅಭ್ಯಾಸ

ಇಂಗ್ಲಿಷ್ ವಾಕ್ಯ ತಗೊಂಡು ಕನ್ನಡ ಮಾಡಬೇಡಿ. ಉಲ್ಟಾ ಮಾಡಿ. ರಾತ್ರಿ ಮಲಗುವ ಮುಂಚೆ ನಿಮ್ಮ ದಿನವನ್ನು ಐದಾರು ಸಾಲು ಕನ್ನಡದಲ್ಲಿ, ಮನೆಯಲ್ಲಿ ಮಾತಾಡುವ ಹಾಗೇ ಬರೆಯಿರಿ. ಸಿಕ್ತು, ಬಂತು, ಆಯ್ತು, ತಲುಪಿದೆ, ಮಾಡಿಸಿದೆ, ಬೈಸಿಕೊಂಡೆ ಎಲ್ಲೆಲ್ಲಿ ಬಂದಿವೆಯೋ ಅಡಿಗೆರೆ ಹಾಕಿ. ಪ್ರತಿ ಗೆರೆಯ ಜಾಗದಲ್ಲೂ ಗೆಟ್ ಕೂರುತ್ತದಾ ನೋಡಿ. ಎಲ್ಲ ಕಡೆ ಕೂರುವುದಿಲ್ಲ. ಎಲ್ಲಿ ಕೂರಲಿಲ್ಲ ಅಂತ ಹುಡುಕುವುದರಲ್ಲೇ ಅರ್ಧ ಕಲಿಕೆ.

ನನ್ನ ನೋಟ್‌ಬುಕ್ಕಿನ ಒಂದು ಹಳೆಯ ಪುಟ ಹೀಗಿದೆ. ‘ಬೆಳಿಗ್ಗೆ ಲೇಟಾಗಿ ಎದ್ದೆ’: ಐ ಗಾಟ್ ಅಪ್ ಲೇಟ್. ‘ಬಸ್ಸಲ್ಲಿ ಸೀಟು ಸಿಗಲಿಲ್ಲ’: ಐ ಡಿಡಂಟ್ ಗೆಟ್ ಎ ಸೀಟ್ ಆನ್ ದಿ ಬಸ್. ಡಿಡ್ ಬಂದದ್ದಕ್ಕೆ ಗಾಟ್ ಮತ್ತೆ ಗೆಟ್ ಆಯಿತು. ‘ಆಫೀಸ್ ತಲುಪುವಾಗ ಹತ್ತೂವರೆ’: ಐ ಗಾಟ್ ಟು ದಿ ಆಫೀಸ್ ಅಟ್ ಟೆನ್ ಥರ್ಟಿ. ‘ಬೈಸಿಕೊಂಡೆ’: ಐ ಗಾಟ್ ಸ್ಕೋಲ್ಡೆಡ್. ‘ಚಪ್ಪಲಿ ಹೊಲಿಸಿಕೊಂಡು ಮನೆಗೆ ಬಂದೆ’: ಐ ಗಾಟ್ ಮೈ ಚಪ್ಪಲ್ಸ್ ಸ್ಟಿಚ್ಡ್ ಅಂಡ್ ಕೇಮ್ ಹೋಮ್. ಕೊನೆಯ ‘ಕೇಮ್ ಹೋಮ್’ಗೂ ಗೆಟ್ ಹಾಕಬಹುದಿತ್ತು, ನನಗೇ ಸಾಕಾಗಿತ್ತು.

2020ರ ಲಾಕ್‌ಡೌನಿನಲ್ಲಿ ಸಲೂನುಗಳೆಲ್ಲ ಮುಚ್ಚಿದ್ದವು. ಎರಡು ತಿಂಗಳು ನೋಡಿ, ಒಂದು ದಿನ ಟ್ರಿಮ್ಮರ್ ಹಿಡಿದು ಕನ್ನಡಿ ಮುಂದೆ ನಿಂತೆ. ಅವತ್ತಿನ ಪುಟದಲ್ಲಿ ‘ಐ ಕಟ್ ಮೈ ಹೇರ್’ ಅಂತಲೇ ಬರೆದೆ. ವ್ಯಾಕರಣ ಸರಿಯಾಗಿತ್ತು, ಹಿಂದಲೆ ಮಾತ್ರ ನೋಡುವ ಹಾಗಿರಲಿಲ್ಲ.